ಒಲೆಯ ಹಿಂದಿನ ತಗಡು

ಒಗ್ಗರಣೆಯ ಜಿಡ್ಡು, ಹೊಗೆಯ ಮಸಿ ಗೋಡೆಗೆ ಹತ್ತದಿರಲೆಂದು ಒಲೆಯ ಹಿಂದೆ ತಗಡು ಬಡಿಸಿರುವ ಮನೆಗಳು ನಮ್ಮ ಕಡೆ ಇಂದಿಗೂ ಉಂಟು. ತಗಡಿಗೆ ತುಕ್ಕು ಹಿಡಿದು ಅಂಚು ಮೇಲೆದ್ದಾಗ ಗೃಹಿಣಿಯರು ಹಳೆಯದನ್ನು ಕೀಳಿಸಿ, ಅದೇ ದಿನ ಹೊಸದನ್ನು ಬಡಿಸಲು ಅವಸರಪಡುತ್ತಾರೆ. ಕಿತ್ತ ತಗಡಿನ ಬೆನ್ನನ್ನು ತಿರುವಿ ನೋಡುವವರು ವಿರಳ. ತುಕ್ಕು ಮುಂಭಾಗಕ್ಕಿಂತ ಹಿಂಭಾಗದಲ್ಲಿ ಹೆಚ್ಚಾಗಿದ್ದರೆ ತೇವವಿರುವುದು ಗೋಡೆಯಲ್ಲಿ ಎಂದು ತಿಳಿಯತಕ್ಕದ್ದು.

ಸಿರುಗುಪ್ಪದ ರೈತ ಮನೆತನಗಳಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ತುಂಗಭದ್ರಾ ಕಾಲುವೆಯ ನೀರು ಭತ್ತದೊಡನೆ ಸವಳು-ಜವಳನ್ನೂ ತಂದಿತು. ಹೊಲವನ್ನು ಕೆಡಿಸುವ ಆ ಉಪ್ಪೇ ನೆಲದ ತೇವದೊಡನೆ ಗೋಡೆಯನ್ನೇರಿ, ಗಾಳಿಯಾಡದ ತಗಡಿನ ಹಿಂದೆ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಬಳ್ಳಾರಿ ನಗರದ ಮನೆಗಳಲ್ಲಾದರೋ ಮೊದಲು ಪಾತ್ರೆ ತೊಳೆಯುವ ತೊಟ್ಟಿಯ ಕೊಳವೆಯನ್ನೂ ಗೋಡೆಯಾಚೆಯ ಬಚ್ಚಲನ್ನೂ ಪರೀಕ್ಷಿಸುವುದು ಲೇಸು.

ತಗಡು ಕೀಳುವ ಮುನ್ನ ಅನಿಲದ ಸಿಲಿಂಡರನ್ನು ಹೊರಗಿಡಬೇಕು. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ತಗಡಿನ ಹಿಂದೆ ಹಾದ ತಂತಿಯ ಹೊದಿಕೆ ಸವೆದಿದ್ದರೆ ತಗಡಿಗೇ ವಿದ್ಯುತ್ ಹರಿದೀತು. ತುಕ್ಕು ಹಿಡಿದ ತಿರುಪುಗಳಿಗೆ ಹಿಂದಿನ ರಾತ್ರಿಯೇ ಕೊಬ್ಬರಿ ಎಣ್ಣೆ ಬಿಟ್ಟಿರಬೇಕು. ಕೆಳಗಿನ ಮೊಳೆಗಳನ್ನು ಮೊದಲು, ಮೇಲಿನವನ್ನು ಕೊನೆಗೆ ಕೀಳಬೇಕು. ಅಷ್ಟರವರೆಗೆ ಇನ್ನೊಬ್ಬರು ತಗಡನ್ನು ಹಿಡಿದಿರಲಿ. ಕೈಗೆ ದಪ್ಪ ಚೀಲದ ಬಟ್ಟೆ ಅವಶ್ಯ. ಅಂಚಿನ ಹರಿತಕ್ಕಷ್ಟೇ ಅಲ್ಲ, ಅಂತಹ ಸಂದಿಯಲ್ಲಿ ಚೇಳು ವಾಸವಾಗಿರುವುದು ನಮ್ಮ ಸೀಮೆಯಲ್ಲಿ ಅಪರೂಪವಲ್ಲ!

ಕುರುಗೋಡಿನಂತಹ ಊರುಗಳಲ್ಲಿ ಮಣ್ಣಿನ ಗಾರೆಯಿಂದ ಕಟ್ಟಿದ ಹಳೆಯ ಕಲ್ಲುಗೋಡೆಗಳಿದ್ದರೆ ಸುತ್ತಿಗೆಯ ಹೊಡೆತ ಸಲ್ಲದು. ತೇವದಿಂದ ಸಡಿಲಾದ ಸಂದಿನ ಮಣ್ಣು ಉದುರಿತೆಂದರೆ ಕಲ್ಲೂ ಅಲುಗುತ್ತದೆ. ಮೇಲೆ ಮಣ್ಣಿನ ಮಾಳಿಗೆಯ ಭಾರ ಬೇರೆ. ಬಾರದ ಮೊಳೆಯನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿಬಿಡುವುದೇ ಕ್ಷೇಮ. ಗೋಡೆ ಉಬ್ಬಿದ್ದರೆ ಅನುಭವಸ್ಥ ಗೌಂಡಿಯನ್ನು ಕರೆಸದೆ ಮುಂದುವರಿಯಬಾರದು. ಮಳೆಗಾಲದಲ್ಲಿ ಇಂತಹ ಗೋಡೆಗಳೇ ಮಲಗಿದ್ದವರ ಮೇಲೆ ಕುಸಿಯುವುದು.

ಬಿಳಿಯಾಗಿ ಅರಳಿದ ಉಪ್ಪನ್ನು ಒಣ ಪೊರಕೆಯಿಂದ ಗುಡಿಸಿ ತೆಗೆಯಬೇಕೇ ಹೊರತು ತೊಳೆಯಬಾರದು. ತೊಳೆದರೆ ಅದು ಕರಗಿ ಮರಳಿ ಗೋಡೆಗೇ ಸೇರುತ್ತದೆ. ಅನೇಕರು ಮಾಡಿಸುವ ಸಿಮೆಂಟಿನ ಗಿಲಾವು ಹಳೆಯ ಮಣ್ಣುಗೋಡೆಗೆ ಇನ್ನೊಂದು ತಗಡಿದ್ದಂತೆ. ತೇವವನ್ನು ಒಳಗೇ ಬಂಧಿಸುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ತಗಡೇ ಬೇಕೆನ್ನುವವರು ಗೋಡೆಗೂ ಅದಕ್ಕೂ ನಡುವೆ ಒಂದು ಬೆರಳಿನಷ್ಟು ಅಂತರ ಬಿಟ್ಟು, ಮೇಲೆ ಕೆಳಗೆ ಗಾಳಿಗೆ ದಾರಿ ಇಡಿಸಲಿ.

ಈ ಕೆಲಸಕ್ಕೆ ಚೈತ್ರ-ವೈಶಾಖಗಳೇ ಪ್ರಶಸ್ತ. ಬಳ್ಳಾರಿಯ ಬಿಸಿಲಿಗೆ ಬೈಯುವ ನಾವು ಅದರಿಂದ ಇಷ್ಟಾದರೂ ಉಪಕಾರ ಪಡೆಯಬಹುದು. ಗೋಡೆ ಒಣಗುವ ಆ ಕೆಲವು ವಾರಗಳ ಕಾಲ ಒಲೆಯನ್ನು ಒಂದು ಮೊಳ ಮುಂದಕ್ಕೆ ಸರಿಸಿಕೊಂಡು ಅಡಿಗೆ ಮಾಡಿದರಾಯಿತು.