ಹಾಡು ಕಟ್ಟಿದವರ ಹೆಸರು ಹಾಡಿನ ಜೊತೆಗೇ ಇರಲಿ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಕ್ಕೊತ್ತಾಯ ಪತ್ರ

ಇವರಿಗೆ: ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಸಾರ್ವಜನಿಕ ಗ್ರಂಥಾಲಯ ಇಲಾಖೆ, ಕರ್ನಾಟಕ ಬಯಲಾಟ ಅಕಾಡೆಮಿ, ಕರ್ನಾಟಕ ಜಾನಪದ ಅಕಾಡೆಮಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹಾಗೂ ಕನ್ನಡದಲ್ಲಿ ಜಾಲತಾಣ, ಆ್ಯಪ್ ಕಟ್ಟುತ್ತಿರುವ ಎಲ್ಲರಿಗೆ.



ನಮ್ಮ ಕಡೆಯ ಗೀಗೀ ಪದ, ಲಾವಣಿ, ಡೊಳ್ಳಿನ ಹಾಡುಗಳಲ್ಲಿ ಕೊನೆಯ ನುಡಿಗೆ ಒಂದು ಕೆಲಸವಿದೆ. ಊರು ಯಾವುದು, ಗುರು ಯಾರು, ಪದ ಕಟ್ಟಿದವರು ಯಾರು ಎಂಬುದನ್ನು ಕವಿ ಅಲ್ಲಿ ಹೇಳಿ ಮುಗಿಸುತ್ತಾನೆ. ಹಾಡು ಇನ್ನೊಂದು ಮೇಳದ ಬಾಯಿಗೆ ಹೋದರೆ ಆ ನುಡಿಯೂ ಬೆನ್ನಿಗೇ ಹೋಗುತ್ತದೆ. ಅಕ್ಷರ ಬಾರದ ಹಾಡುಗಾರರು ಕೂಡ ಕವಿಯ ಹೆಸರನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು ಹೀಗೆ. ಈಗ ಅದೇ ಹಾಡು ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕಾಗಿ ಓಡಾಡುತ್ತಿದೆ. ತುಣುಕಿನಲ್ಲಿ ಪಲ್ಲವಿ ಉಳಿದಿರುತ್ತದೆ, ಕೊನೆಯ ನುಡಿ ಹೋಗಿರುತ್ತದೆ. ಪೂರ್ತಿ ಹಾಡು ಎಲ್ಲಿದೆ ಎಂದು ಹುಡುಕಲು ದಾರಿಯೂ ಇರುವುದಿಲ್ಲ.

ಇದಕ್ಕೆ ಕಂಪ್ಯೂಟರನ್ನು ದೂರುವಂತಿಲ್ಲ. ಟೆಡ್ ನೆಲ್ಸನ್ ಎಂಬ ಅಮೆರಿಕನ್ 1960ರಲ್ಲೇ ‘ಕ್ಸಾನಡು’ ಎಂಬ ಯೋಜನೆ ಹಮ್ಮಿಕೊಂಡರು. 1965ರಲ್ಲಿ, ಕೊಂಡಿಗಳಿಂದ ಕೂಡಿದ ಬರಹಕ್ಕೆ ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರನ್ನು ಲೋಕದ ಮುಂದಿಟ್ಟವರೂ ಅವರೇ. ಒಂದು ಬರಹದ ತುಣುಕನ್ನು ಯಾರು ಎಲ್ಲಿ ಬಳಸಿದರೂ ಅದು ಮೂಲದ ಜೊತೆ ಕೂಡಿಕೊಂಡೇ ಇರಬೇಕು. ಕೊಂಡಿ ಎರಡೂ ತುದಿಯಿಂದ ಕಾಣಬೇಕು. ಬಳಸಿದಾಗಲೆಲ್ಲ ಬರೆದವರಿಗೆ ಚೂರು ಹಣ ತಾನಾಗಿ ಸೇರಬೇಕು. ಇದು ಅವರ ಕನಸಾಗಿತ್ತು, ಅವರು ಬಯಸಿದಂತೆ ಅದು ಎಂದೂ ಬಳಕೆಗೆ ಬರಲಿಲ್ಲ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ವೆಬ್ ಒಮ್ಮುಖದ ಕೊಂಡಿಯನ್ನು ಆರಿಸಿಕೊಂಡಿತು. ಯಾರನ್ನೂ ಕೇಳದೆ ಯಾರಿಗೆ ಬೇಕಾದರೂ ಕೊಂಡಿ ಹಾಕಬಹುದಾದ್ದರಿಂದಲೇ ಅದು ಜಗತ್ತಿಗೆಲ್ಲ ಹಬ್ಬಿತು. ಆದರೆ ತನ್ನನ್ನು ಯಾರು ಬಳಸಿದರೆಂದು ಮೂಲಕ್ಕೆ ತಿಳಿಯುವ ಬಗೆ ಅದರಲ್ಲಿಲ್ಲ. ನೆಲ್ಸನ್ ಕೇಳಿದ್ದನ್ನು ತಾವು ಕೊಡುತ್ತೇವೆಂದು ಈಚೆಗೆ, ಹಲವು ಕಡೆ ಹರಡಿದ, ಅಳಿಸಲು ಬಾರದ ಖಾತೆಪುಸ್ತಕದ ಮೇಲೆ ನಡೆಯುವ ಬ್ಲಾಕ್‌ಚೈನ್ ಸಾಮಾಜಿಕ ತಾಣಗಳು ಮುಂದೆ ಬಂದಿವೆ. ಅವು ಹೇಳಿದ್ದರಲ್ಲಿ ಯಾವುದು ನಮಗೆ ಬೇಕು, ಯಾವುದು ಬೇಡ ಎಂಬುದನ್ನು ಯೋಚಿಸಿ ಈ ಬೇಡಿಕೆಗಳನ್ನು ಮುಂದಿಡುತ್ತಿದ್ದೇವೆ.

1. ಸರ್ಕಾರದ ಹಣದಲ್ಲಿ ಧ್ವನಿಮುದ್ರಣವಾಗುವ, ಜಾಲಕ್ಕೆ ಏರುವ ಪ್ರತಿ ಹಾಡಿನಲ್ಲೂ ಕೊನೆಯ ನುಡಿ ಇರಲೇಬೇಕು. ಹಾಡಿದವರು, ಹಿಮ್ಮೇಳದವರು, ಊರು, ದಿನ ಇವನ್ನು ವಿವರಣೆಯಲ್ಲಿ ಬರೆಯಬೇಕು. ಡಪ್ಪು, ತುಂತುಣಿ ಬಾರಿಸಿದವರ ಹೆಸರು ಬಿಡುವ ರೂಢಿ ನಿಲ್ಲಬೇಕು. ಇದು ನಾವು ಬೇಡುವ ಉಪಕಾರವಲ್ಲ. ಪ್ರದರ್ಶಕ ಕಲಾವಿದರಿಗೆ 50 ವರ್ಷಗಳ ಹಕ್ಕು ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. ತಮ್ಮ ಪ್ರದರ್ಶನಕ್ಕೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ. ಹಳ್ಳಿಯ ಮೇಳಗಳಿಗೆ ಈ ಕಾಯ್ದೆಯ ಸುದ್ದಿಯನ್ನು ಯಾರೂ ಮುಟ್ಟಿಸಿಲ್ಲ ಎಂಬುದೇ ನಮ್ಮ ನೋವು.

2. ಸವಾಲಿಗೂ ಜವಾಬಿಗೂ ನಡುವೆ ಕೊಂಡಿ ಬೇಕು. ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ಒಂದು ಮೇಳ ಗಂಡಿನ ಪಕ್ಷ, ಇನ್ನೊಂದು ಹೆಣ್ಣಿನ ಪಕ್ಷ ಹಿಡಿದು ರಾತ್ರಿಯಿಡೀ ವಾದಿಸುತ್ತವೆ. ಸವಾಲು ಕೇಳದವರಿಗೆ ಜವಾಬಿನ ಸೊಗಸು ತಿಳಿಯುವುದಿಲ್ಲ. ವಿಡಿಯೊ ತಾಣಗಳಲ್ಲಿ ಸವಾಲು ಒಬ್ಬರ ಚಾನೆಲ್‌ನಲ್ಲಿ, ಜವಾಬು ಇನ್ನೊಬ್ಬರ ಚಾನೆಲ್‌ನಲ್ಲಿ ಬಿದ್ದಿರುತ್ತದೆ, ಒಂದರಿಂದ ಇನ್ನೊಂದಕ್ಕೆ ಹೋಗಲಾಗದು. ಎರಡೂ ಕಡೆಯಿಂದ ಕಾಣುವ ಕೊಂಡಿ ಬೇಕೆಂದು ನೆಲ್ಸನ್ ಹಟ ಹಿಡಿದದ್ದು ಏಕೆಂದು ನಮ್ಮ ಹಾಡುಗಾರರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಜಾನಪದಕ್ಕೆಂದು ಕಟ್ಟುವ ಯಾವ ಸಂಗ್ರಹವೇ ಆಗಲಿ, ಜವಾಬು ತೆರೆದರೆ ಸವಾಲು, ಸವಾಲು ತೆರೆದರೆ ಅದಕ್ಕೆ ಬಂದ ಎಲ್ಲ ಜವಾಬುಗಳು ಕಾಣುವಂತಿರಬೇಕು.

3. ‘ಶ್ರೀಕೃಷ್ಣ ಪಾರಿಜಾತ’ ಬಯಲಾಟದ ಎಲ್ಲ ಪಾಠಗಳೂ ಒಂದೆಡೆ ಸೇರಬೇಕು; ಯಾವುದನ್ನೂ ‘ಶುದ್ಧ ಪಾಠ’ ಎಂದು ಏರಿಸಿ ಉಳಿದವನ್ನು ಬದಿಗೆ ತಳ್ಳಬಾರದು.

ಈ ಆಟದ ಪಠ್ಯ ಅಪರಾಳ ತಮ್ಮಣ್ಣನದು, ಅದನ್ನು ರಂಗಕ್ಕೆ ಹೊಂದಿಸಿ ಊರೂರಿಗೆ ಹಬ್ಬಿಸಿದವನು ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಕುಲಗೋಡದ ತಮ್ಮಣ್ಣ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಹೆಣ್ಣುಮಕ್ಕಳು ಬಣ್ಣ ಹಚ್ಚುವುದೇ ಅಪರೂಪವಾಗಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಅದಕ್ಕೆ ಹೊಸ ಜೀವ ತುಂಬಿದರು. ಆಮೇಲೆ ಬಂದ ಒಂದೊಂದು ಮೇಳವೂ ಗೊಲ್ಲತಿಯ ಪ್ರಸಂಗಕ್ಕೆ, ಕೊರವಂಜಿಯ ಮಾತಿಗೆ, ದೂತಿಯ ಹಾಸ್ಯಕ್ಕೆ ತನ್ನ ಊರಿನ ಮಾತು ಸೇರಿಸಿತು. ಹೀಗೆ ಬೆಳೆದದ್ದಕ್ಕೆ ಒಬ್ಬನೇ ಕರ್ತೃವನ್ನು ಗೊತ್ತುಮಾಡುವುದು ಸುಳ್ಳು, ಕರ್ತೃವೇ ಇಲ್ಲವೆಂದು ‘ಜನಪದ’ದ ಲೆಕ್ಕಕ್ಕೆ ಬರೆದುಬಿಡುವುದು ಅದಕ್ಕಿಂತ ದೊಡ್ಡ ಸುಳ್ಳು. ಯಾವ ಸಾಲು ಯಾವ ಮೇಳದಿಂದ ಬಂತು, ಯಾವ ಪಾಠದಲ್ಲಿ ಅದು ಬದಲಾಯಿತು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡುವಂತೆ ಮಾಡಬೇಕು. ಕ್ಸಾನಡುವಿನ ತೆರೆಯ ಮೇಲೆ ಎರಡು ಪಾಠಗಳ ನಡುವೆ ಗೆರೆ ಎಳೆದು ತೋರಿಸುವ ಕಲ್ಪನೆಯಿತ್ತು. ಅದು ಯಾವ ಗ್ರಂಥಕ್ಕಾದರೂ ಸರಿಹೊಂದುವುದಾದರೆ ಮೊದಲು ನಮ್ಮ ಪಾರಿಜಾತಕ್ಕೆ ಹೊಂದುತ್ತದೆ. ವ್ಯಾನೆವರ್ ಬುಷ್ 1945ರಲ್ಲಿ ಊಹಿಸಿದ ‘ಮೆಮೆಕ್ಸ್’ ಯಂತ್ರದಲ್ಲಿ ಓದುಗ ತಾನು ಓದುತ್ತ ಹೋದ ಜಾಡನ್ನೇ ಇನ್ನೊಬ್ಬರಿಗೆ ಒಪ್ಪಿಸಬಹುದಿತ್ತು. ಮೇಳದ ಹಿರಿಯರು ಕಿರಿಯರಿಗೆ ಒಪ್ಪಿಸುವುದೂ ಅಂಥ ಜಾಡನ್ನೇ. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಬಯಲಾಟ ಅಕಾಡೆಮಿ ಇದರ ಮುಂದಾಳತ್ವ ವಹಿಸಲಿ.

ಊರಿನ ವಿವರದಲ್ಲಿ ಹಳೆಯ ತಾಲ್ಲೂಕು, ಹೊಸ ತಾಲ್ಲೂಕು ಎರಡನ್ನೂ ನಮೂದಿಸಬೇಕು. ಮೂಡಲಗಿ ತಾಲ್ಲೂಕಾದದ್ದು ಈಚೆಗೆ. ಹಳೆಯ ಪುಸ್ತಕಗಳಲ್ಲಿ ಕುಲಗೋಡ ಗೋಕಾಕ ತಾಲ್ಲೂಕಿನ ಊರು.

4. ಹೀಗೆ ಕಟ್ಟುವ ಹಾಡುಗಳ ಸಂಗ್ರಹದ ಒಡೆತನ ಹಾಡುಗಾರರ, ಓದುಗರ ಸಹಕಾರಿ ಸಂಘದ ಕೈಯಲ್ಲಿರಬೇಕು. ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ.

ನಮ್ಮ ಮುಖ್ಯ ಬೇಡಿಕೆ ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಒಡೆತನ ಯಾರ ಕೈಯಲ್ಲಿರುತ್ತದೆ ಎಂಬುದು ಏಕೆ ಮುಖ್ಯ ಎಂಬುದಕ್ಕೆ ನಮ್ಮ ನೆಲದಲ್ಲೇ ಎರಡು ಉದಾಹರಣೆಗಳಿವೆ. ಗೋಕಾಕ ಜಲಪಾತದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುತ್ತದೆ. 1885ರಲ್ಲಿ ಶುರುವಾದ ಗಿರಣಿ ಆ ನೀರಿನಿಂದ 1887ರಷ್ಟು ಹಿಂದೆಯೇ ಶಕ್ತಿ ಪಡೆಯಿತು. ನದಿ ಎಲ್ಲರದಾಗಿದ್ದರೂ ಶಕ್ತಿ ಗಿರಣಿಯದಾಯಿತು. ಪಕ್ಕದ ಹುಕ್ಕೇರಿ ಬೇರೆ ದಾರಿ ಹಿಡಿಯಿತು. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿ, ಬಳಕೆದಾರರೇ ತಂತಿ ಕಂಬಗಳ ಒಡೆಯರಾದರು. ರಾಜ್ಯದಲ್ಲಿ ವಿದ್ಯುತ್ ಹಂಚುವ ಸಹಕಾರಿ ಸಂಘ ಇದೊಂದೇ. ಜಾಲವನ್ನು ಬಳಸುವವರೇ ಜಾಲದ ಒಡೆಯರಾಗಬೇಕೆಂದು ಬ್ಲಾಕ್‌ಚೈನ್ ಪ್ರಚಾರಕರು ಈಗ ಹೇಳುತ್ತಿರುವುದನ್ನು ನಮ್ಮ ರೈತರು ಅರ್ಧ ಶತಮಾನದ ಹಿಂದೆಯೇ ಮಾಡಿ ತೋರಿಸಿದ್ದಾರೆ.

ಬ್ಲಾಕ್‌ಚೈನ್ ತಾಣಗಳಲ್ಲಿ ಆದದ್ದನ್ನೂ ನೋಡಿ. 2016ರಲ್ಲಿ ಶುರುವಾದ ಸ್ಟೀಮಿಟ್‌ನಲ್ಲಿ ಬರೆದವರಿಗೆ, ಮೆಚ್ಚಿದವರಿಗೆ ಟೋಕನ್ ಎಂಬ ಡಿಜಿಟಲ್ ಆಸ್ತಿ ಸಿಗುತ್ತಿತ್ತು. ಹೆಚ್ಚು ಟೋಕನ್ ಇದ್ದವರ ಮತಕ್ಕೆ ಹೆಚ್ಚು ತೂಕವಿತ್ತು. 2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಸಂಸ್ಥಾಪಕ ಜಸ್ಟಿನ್ ಸನ್ ಆ ಕಂಪನಿಯನ್ನು, ಅದರ ಬಳಿಯಿದ್ದ ಟೋಕನ್ ರಾಶಿಯ ಸಮೇತ ಕೊಂಡರು. ಮಾರ್ಚ್‌ನಲ್ಲಿ ಕ್ರಿಪ್ಟೊ ವಿನಿಮಯ ಕೇಂದ್ರಗಳು ತಮ್ಮಲ್ಲಿ ಗ್ರಾಹಕರು ಇಟ್ಟಿದ್ದ ಟೋಕನ್‌ಗಳನ್ನೂ ಮತಕ್ಕೆ ಹಾಕಿದವು, ಬಳಕೆದಾರರು ಆರಿಸಿಕೊಂಡಿದ್ದ ನಿರ್ವಾಹಕರು ಸ್ಥಾನ ಕಳೆದುಕೊಂಡರು. ಖಾತೆಪುಸ್ತಕ ಸಾವಿರ ಕಡೆ ಹರಡಿದ್ದರೇನು, ಮತ ಹಣವಂತರ ಕೈಯಲ್ಲಿ ಕೂಡಿತ್ತು. ರೊಕ್ಕಕ್ಕೆ ಮತ ಕೊಡುವ ವ್ಯವಸ್ಥೆಯನ್ನು ನಾವು ಒಪ್ಪುವುದಿಲ್ಲ, ಅದಕ್ಕೆ ಎಷ್ಟು ಹೊಸ ಹೆಸರಿಟ್ಟರೂ ಸರಿ.

ಆದರೆ ಅದೇ ಪ್ರಸಂಗದಲ್ಲಿ ನಾವು ಕಲಿಯಬೇಕಾದ ಒಳ್ಳೆಯ ಪಾಠವೂ ಇದೆ. ಅದೇ ಮಾರ್ಚ್ 20ರಂದು ಬಳಕೆದಾರರು ಹಳೆಯ ಬರಹಗಳ ಪೂರ್ತಿ ಪ್ರತಿಯೊಂದಿಗೆ ಹೊರನಡೆದು ‘ಹೈವ್’ ಎಂಬ ಬೇರೆ ಜಾಲ ಕಟ್ಟಿದರು. ಫೇಸ್‌ಬುಕ್ಕಿನಿಂದ ಹಾಗೆ ಊರಿಗೆ ಊರೇ ಎದ್ದು ಹೋಗಲು ಆಗದು. ಆದ್ದರಿಂದ ನಮ್ಮ ಸಂಗ್ರಹದ ಪೂರ್ತಿ ಪ್ರತಿಯನ್ನು ಯಾವ ಸದಸ್ಯ ಕೇಳಿದರೂ ಕೊಡಬೇಕೆಂಬ ನಿಯಮ ಬೈಲಾದಲ್ಲಿರಬೇಕು.

ಸಹಕಾರಿ ಸಂಘಗಳೂ ಕೆಲವೇ ಮನೆತನಗಳ ಹಿಡಿತಕ್ಕೆ ಸಿಗಬಹುದೆಂಬುದು ಬೆಳಗಾವಿ ಜಿಲ್ಲೆಯವರಾದ ನಮಗೆ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ಕೇಳುತ್ತಿದ್ದೇವೆ: ಆಡಳಿತ ಮಂಡಳಿಯಲ್ಲಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಅವಧಿ ಬೇಡ, ಅರ್ಧ ಸ್ಥಾನಗಳು ಹಾಡುಗಾರರಿಗೆ ಮೀಸಲಿರಲಿ, ಲೆಕ್ಕಪತ್ರ ಪ್ರತಿ ವರ್ಷ ಎಲ್ಲರಿಗೂ ಸಿಗುವಂತೆ ಪ್ರಕಟವಾಗಲಿ.

5. ಬ್ಲಾಕ್‌ಚೈನ್ ಬಳಸುವುದಾದರೆ ರಸೀದಿಗೆ ಮಾತ್ರ ಬಳಸಿ. ಇಂಥ ಧ್ವನಿಮುದ್ರಣ ಇಂಥ ದಿನ ಹೀಗೆಯೇ ಇತ್ತು, ಆಮೇಲೆ ಯಾರೂ ತಿದ್ದಿಲ್ಲ ಎಂದು ಸಾಬೀತುಪಡಿಸಲು ಕಡತದ ಗಣಿತದ ಗುರುತೊಂದನ್ನು ದಾಖಲಿಸಿದರೆ ಸಾಕು. ಹೇಬರ್ ಮತ್ತು ಸ್ಟಾರ್ನೆಟ್ಟಾ ಎಂಬ ಸಂಶೋಧಕರು 1991ರಲ್ಲೇ, ಬಿಟ್‌ಕಾಯಿನ್ ಹುಟ್ಟುವ ಎಷ್ಟೋ ಮೊದಲು, ಈ ಉಪಾಯ ಹೇಳಿದ್ದರು. ಚೈನಿನಲ್ಲಿ ಇಡುವುದು ಹೆಚ್ಚಾಗಿ ಈ ಗುರುತನ್ನಷ್ಟೇ. ಹಾಡು ಬೇರೆಲ್ಲೋ ಇರುತ್ತದೆ, ಅದನ್ನು ಕಾಯುವವರಿಲ್ಲದಿದ್ದರೆ ರಸೀದಿ ಉಳಿದು ಹಾಡು ಹೋಗುತ್ತದೆ. ಆದ್ದರಿಂದ ಕಡತಗಳ ಒಂದೊಂದು ಪ್ರತಿ ಮೂರೂ ತಾಲ್ಲೂಕುಗಳ ಗ್ರಂಥಾಲಯಗಳಲ್ಲಿ, ಇನ್ನೊಂದು ಗೊಟಗೋಡಿಯಲ್ಲಿ ಇರಲಿ.

ಅಳಿಸಲು ಬಾರದ ಪುಸ್ತಕದಲ್ಲಿ ಮನುಷ್ಯರ ಹೆಸರು, ಮುಖ, ಜಾತಿ, ಫೋನ್ ಸಂಖ್ಯೆ ಬರೆಯಕೂಡದು. ಬೀಸುವ ಪದ, ಸೋಬಾನೆ ಪದ ಹಾಡಿದ ಹೆಣ್ಣುಮಗಳು ನಾಳೆ ತನ್ನ ದನಿ ಹಿಂದಕ್ಕೆ ಬೇಕೆಂದರೆ ಕೊಡಬೇಕು. ವೈಯಕ್ತಿಕ ಮಾಹಿತಿ ತಿದ್ದಿಸುವ, ಅಳಿಸುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಕೊಟ್ಟಿದೆ. ‘ಇದು ಬ್ಲಾಕ್‌ಚೈನ್, ಅಳಿಸಲಾಗದು’ ಎಂಬ ಉತ್ತರ ನಮಗೆ ಒಪ್ಪಿಗೆಯಿಲ್ಲ. ಹೆಸರು ಉಳಿಯಬೇಕೋ ಬೇಡವೋ ಎಂಬುದನ್ನು ಹಾಡಿದವರೇ ತೀರ್ಮಾನಿಸಬೇಕು.

6. ಗೌರವಧನ ರೂಪಾಯಿಯಲ್ಲಿ, ನೇರವಾಗಿ ಬ್ಯಾಂಕ್ ಖಾತೆಗೆ ಬರಬೇಕು. ಟೋಕನ್ ಬೇಡ. 2022ರ ಏಪ್ರಿಲ್‌ನಿಂದ ಅಂಥ ಡಿಜಿಟಲ್ ಆಸ್ತಿ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆಯಿದೆ, ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ಬೆಳಗಾದರೆ ಏರಿಳಿಯುವ ಬೆಲೆಯ ಗೊಡವೆಯನ್ನು ಹಬ್ಬಹುಣ್ಣಿಮೆಯ ಸಂಭಾವನೆಯಲ್ಲಿ ಬದುಕುವ ಹಾಡುಗಾರರ ತಲೆಗೆ ಕಟ್ಟಬೇಡಿ.

7. ಎಲ್ಲ ಪಠ್ಯವೂ ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಾದ ಸಂಶೋಧನ ಪ್ರಬಂಧಗಳು, ಹಾಡಿನ ಸಂಗ್ರಹಗಳು ಈಗ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತವೆ. ಕೊಂಡಿಯ ಮಾತು ಆಮೇಲಿನದು, ಓದಲು ಬಾರದ ಪಠ್ಯಕ್ಕೆ ಕೊಂಡಿ ಹಾಕಿ ಫಲವೇನು? ಅವನ್ನು ಪರಿವರ್ತಿಸಿ, ಕಣ್ಣಿಂದ ಓದಿ ತಿದ್ದುವ ಕೆಲಸಕ್ಕೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕನ್ನಡ ವಿದ್ಯಾರ್ಥಿಗಳನ್ನು ಸಂಭಾವನೆ ಕೊಟ್ಟು ತೊಡಗಿಸಿ.

8. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು ಹಳ್ಳಿಯ ಹಾಡುಗಳನ್ನು ಕೇಳಿ ಬರೆದುಕೊಂಡವರು, ‘ಜಯಂತಿ’ ಮಾಸಪತ್ರಿಕೆ ನಡೆಸಿದವರು. ಮಲಾಮರಡಿಯ ಬಸವರಾಜ ಕಟ್ಟೀಮನಿಯವರ ಕಾದಂಬರಿಗಳಲ್ಲಿ ಈ ನೆಲದ ಮಾತಿದೆ. ಕೃಷ್ಣಶರ್ಮರು 1982ರಲ್ಲಿ, ಕಟ್ಟೀಮನಿಯವರು 1989ರಲ್ಲಿ ತೀರಿಕೊಂಡರು. ಲೇಖಕರ ನಂತರ 60 ವರ್ಷ ಹಕ್ಕು ವಾರಸುದಾರರದು, ಅಂದರೆ 2042, 2049ರವರೆಗೆ. ಅಷ್ಟು ಹೊತ್ತಿಗೆ ಕಾಗದ ಉಳಿಯಲಿಕ್ಕಿಲ್ಲ. ವಾರಸುದಾರರ ಒಪ್ಪಿಗೆ ಪಡೆದು, ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ‘ಜಯಂತಿ’ಯ ಸಿಕ್ಕಷ್ಟು ಸಂಚಿಕೆಗಳನ್ನು ಈಗಲೇ ಸ್ಕ್ಯಾನ್ ಮಾಡಬೇಕು. ಅದರಲ್ಲಿ ಅಚ್ಚಾದ ಹಾಡು ಈಗಲೂ ಯಾರ ಬಾಯಲ್ಲಾದರೂ ಇದ್ದರೆ ಆ ಧ್ವನಿಗೂ ಪುಟಕ್ಕೂ ಕೊಂಡಿ ಬೇಕು.

9. ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರಿಗೆ ಧ್ವನಿಮುದ್ರಣ, ಒಪ್ಪಿಗೆ ಪತ್ರ, ವಿವರ ದಾಖಲೆ ಈ ಮೂರರಲ್ಲಿ ತರಬೇತಿ ಕೊಡಿ. ಬೆಂಗಳೂರಿನಿಂದ ತಂಡ ಬಂದು ಒಂದು ದಿನ ಮುದ್ರಿಸಿಕೊಂಡು ಹೋಗುವುದು ಸಾಕಾಗಿದೆ.

10. ಹುಕ್ಕೇರಿ, ಸಂಕೇಶ್ವರದ ಕಡೆ ಕನ್ನಡ ಮರಾಠಿ ಎರಡರಲ್ಲೂ ಹಾಡುವವರಿದ್ದಾರೆ. ಅವರ ಮರಾಠಿ ಪದಗಳನ್ನೂ ಕನ್ನಡ ಪದಗಳ ಪಕ್ಕದಲ್ಲೇ ಇಡಬೇಕು. ಗಡಿಯ ಜಗಳ ಸಂಗ್ರಹದೊಳಗೆ ಬರಬಾರದು.

ಮೊದಲ ಬೇಡಿಕೆಗೆ ಅನುದಾನ ಬೇಕಿಲ್ಲ, ತಂತ್ರಜ್ಞರು ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು. ಬರುವ ಜಾತ್ರೆಗಳ ಸುಗ್ಗಿ ಶುರುವಾಗುವ ಮೊದಲು ಅದನ್ನು ಹೊರಡಿಸಿ, ಉಳಿದವುಗಳ ಬಗ್ಗೆ ಮೂರು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ.

ಇತಿ,
ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಾಡುಗಾರರು, ಓದುಗರು, ಬರಹಗಾರರು