ಮೂರು ಲೆಂತಿನ ಲೆಕ್ಕ

ಕಳೆದ ಬೇಸಿಗೆಯಲ್ಲಿ ಮಧುಗಿರಿಯಿಂದ ತಮ್ಮ ಫೋನ್ ಮಾಡಿದ. "ಅಣ್ಣಾ, ಬೋರ್ ಕೈಕೊಡ್ತು. ಹೊಸದು ಕೊರೆಸೋದೇ ಗತಿ." ಬೋರಿನ ಆಳ 720 ಅಡಿ, ಮೋಟಾರು ಇರುವುದು 600 ಅಡಿಯಲ್ಲಿ. ಅಲ್ಲೇ ನೀರಿಲ್ಲ ಎಂದಮೇಲೆ ಇನ್ನೇನು ಉಳಿಯಿತು ಎಂಬುದು ಅವನ ವಾದ.

"600 ಅಡಿ ಅಂತ ಯಾರು ಹೇಳಿದ್ದು?" ಎಂದೆ.

"ಮೂವತ್ತು ಲೆಂತ್ ಪೈಪು ಬಿಟ್ಟಿದೀವಲ್ಲ. ಒಂದಕ್ಕೆ ಇಪ್ಪತ್ತಡಿ."

ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆದರೂ ನಾನು ಬರುವ ತನಕ ರಿಗ್ ಗಾಡಿಯವರಿಗೆ ಮುಂಗಡ ಕೊಡಬೇಡ ಎಂದೆ. ಕಣ್ಣಿಗೆ ಕಾಣದ ಆಳದಲ್ಲಿರುವ ವಸ್ತು ಇಂಥ ಕಡೆಯೇ ಇದೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಅನುಮಾನಪಡುವುದು ನನ್ನ ಉದ್ಯೋಗ ಕಲಿಸಿದ ಚಾಳಿ.

ಇಪ್ಪತ್ತೆರಡು ವರ್ಷ ನಾನು ಕೊಲ್ಲಿ ದೇಶಗಳ ತೈಲಬಾವಿಗಳಲ್ಲಿ ದುಡಿದೆ. ಬಾವಿಯ ಒಳಗೇ ಕೂತು, ಯಾವ ಪದರದಿಂದ ಎಷ್ಟು ಎಣ್ಣೆ ಬರಬೇಕೆಂದು ನಿಯಂತ್ರಿಸುವ ವಾಲ್ವುಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಈ ಬಗೆಯ 'ಸ್ಮಾರ್ಟ್' ಬಾವಿ ಮೊದಲು ಬಂದದ್ದು 1997ರಲ್ಲಿ, ನಾರ್ವೆಯ ಕಡಲಿನ ಸ್ನೋರೆ ತೈಲಕ್ಷೇತ್ರದಲ್ಲಿ. ವಾಲ್ವಿನೊಳಗೆ ಸರಿದು ದಾರಿ ತೆರೆಯುವ, ಮುಚ್ಚುವ ತೋಳು (ಸ್ಲೀವ್) ಮೂರು ಕಿಲೋಮೀಟರ್ ಕೆಳಗಿರುತ್ತದೆ. ಅದು ಅರ್ಧ ತೆರೆದಿದೆಯೋ ಪೂರ್ತಿ ತೆರೆದಿದೆಯೋ ತಿಳಿಯುವುದು ಹೇಗೆ? ಸೆನ್ಸರ್ ಇಡಬಹುದು. ಆದರೆ ಅಲ್ಲಿನ ಕಾವು 150 ಡಿಗ್ರಿ ದಾಟುವುದುಂಟು, ಒತ್ತಡ ವಾತಾವರಣದ ನೂರಾರು ಪಟ್ಟು. ಸೆನ್ಸರಿಗೆಂದು ಎಳೆದ ಪ್ರತಿ ತಂತಿ, ಪ್ರತಿ ಜೋಡಣೆ ಸೋರಿಕೆಗೆ ಇನ್ನೊಂದು ಬಾಗಿಲು. ಅದು ಕೆಟ್ಟರೆ ಬಾವಿ ನಿಲ್ಲಿಸಿ, ರಿಗ್ ತರಿಸಿ, ಕೊಳವೆಗಳನ್ನೆಲ್ಲ ಹೊರಗೆಳೆಯಬೇಕು.

ಆದ್ದರಿಂದ ಎಷ್ಟೋ ಕಡೆ ನಾವು ನೆಚ್ಚಿಕೊಂಡದ್ದು ಒಂದು ಅಳತೆ ಪಾತ್ರೆಯನ್ನು. ವಾಲ್ವಿಗೆ ಕಡ್ಡಿ ಗಾತ್ರದ ಎರಡು ಉಕ್ಕಿನ ನಳಿಗೆಗಳಿರುತ್ತವೆ. ಒಂದರಲ್ಲಿ ಹೈಡ್ರಾಲಿಕ್ ಆಯಿಲ್ ಒತ್ತಿದರೆ ತೋಳು ಸರಿಯುತ್ತದೆ, ಸರಿದಷ್ಟು ಆಯಿಲ್ ಇನ್ನೊಂದರಿಂದ ಮೇಲೆ ಬರುತ್ತದೆ. ಬಂದದ್ದನ್ನು ಅಳೆದರೆ ತೋಳು ಎಷ್ಟು ಸರಿಯಿತೆಂದು ಗೊತ್ತಾಗುತ್ತದೆ. ಹೊಸಬರು ಒತ್ತಿದ ಆಯಿಲನ್ನು ಅಳೆದು ಮೋಸ ಹೋಗುತ್ತಿದ್ದರು. ಮೂರು ಕಿಲೋಮೀಟರ್ ನಳಿಗೆಯಲ್ಲಿ ಸುಮಾರು 35 ಲೀಟರ್ ಹಿಡಿಯುತ್ತದೆ. ವಾತಾವರಣದ ಮುನ್ನೂರು ಪಟ್ಟು ಒತ್ತಡ ಹಾಕಿದಾಗ ಅದು ಶೇ 2ರಷ್ಟು, ಅಂದರೆ ಮುಕ್ಕಾಲು ಲೀಟರಿನ ಆಸುಪಾಸು ಕುಗ್ಗುತ್ತದೆ. ಕೆಲವು ವಾಲ್ವುಗಳು ಈ ತುದಿಯಿಂದ ಆ ತುದಿಗೆ ಸರಿಯಲು ಅಷ್ಟು ಆಯಿಲೂ ಬೇಡ! ತೋಳು ಅಲ್ಲಾಡದೆಯೇ ಪೂರ್ತಿ ತೆರೆಯಿತೆಂದು ವರದಿ ಬರೆದುಬಿಡಬಹುದಿತ್ತು.

ಮೋಟಾರಿನಿಂದ ಸರಿಯುವ ಸಾಧನವಾದರೆ ಅದರ ಕರೆಂಟಿನಲ್ಲೇ ಸಣ್ಣ ಅಲೆಗಳಿರುತ್ತವೆ. ಒಂದು ಸುತ್ತಿಗೆ ಇಷ್ಟು ಅಲೆ ಎಂದು ಮೇಲೆ ಕೂತು ಎಣಿಸಬಹುದು. ಕೆಲವು ಕಾರುಗಳ ಕಿಟಕಿ ಗಾಜು ಎಲ್ಲಿದೆಯೆಂದು ತಿಳಿಯುವುದೂ ಹೀಗೆಯೇ.

ಪಾತ್ರೆಯಾಗಲಿ ಅಲೆಯಾಗಲಿ, ಎರಡೂ ಎಣಿಕೆಯೇ. ಎಣಿಕೆ ಕೈಹಿಡಿಯಬೇಕಾದರೆ ಅದನ್ನು ಗೊತ್ತಿರುವ ಒಂದು ತುದಿಯಿಂದ ಶುರುಮಾಡಬೇಕು, ನಡುವೆ ತಪ್ಪಬಾರದು, ಕೊನೆಗೆ ಬರೆದಿಡಬೇಕು. ಬರೆದಿಡದಿದ್ದರೆ ಪಾಳಿ ಬದಲಾದ ಗಳಿಗೆಯಲ್ಲೇ ಅದು ನೀರಿಗೆ ಬಿದ್ದ ಉಪ್ಪು.

ಮಧುಗಿರಿಗೆ ಹೋದವನು ಮೊದಲು ನೋಡಿದ್ದು ಸ್ಟಾರ್ಟರ್ ಪೆಟ್ಟಿಗೆಯ ಆಂಪ್ಸ್ ಮುಳ್ಳನ್ನು. 7.5 ಎಚ್‌ಪಿ ಮೋಟಾರು 14 ಆಂಪ್ಸ್ ತೋರಿಸಿ ಹತ್ತು ನಿಮಿಷ ಓಡಿತು. ಆಮೇಲೆ ಮುಳ್ಳು 9ಕ್ಕೆ ಇಳಿಯಿತು, ಪೈಪು ಗಾಳಿ ಉಗುಳತೊಡಗಿತು. ಒಂದು ಗಂಟೆ ಬಿಟ್ಟು ಹಾಕಿದರೆ ಮತ್ತೆ 14. ಮೋಟಾರು ಕೆಟ್ಟಿಲ್ಲ, ಬೋರಿಗೆ ನೀರು ಬರುತ್ತಲೂ ಇದೆ, ಆದರೆ ನೀರಿನ ಮಟ್ಟ ಪಂಪಿನ ಬಾಯಿಯ ಹತ್ತಿರವೇ ಆಡುತ್ತಿದೆ. ಇಷ್ಟನ್ನು ಹೇಳಲು ಒಳಗೆ ಏನನ್ನೂ ಇಳಿಸಬೇಕಾಗಿರಲಿಲ್ಲ.

ಮೋಟಾರು ಎತ್ತುವವರನ್ನು ಕರೆಸಿದೆವು. ಒಂದೊಂದು ಲೆಂತ್ ಮೇಲೆ ಬಂದಾಗಲೂ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದೆ. ಇಪ್ಪತ್ತೇಳಕ್ಕೆ ಪಂಪು ಹೊರಬಂತು. ತಮ್ಮ ಗೆರೆಗಳನ್ನು ಎರಡು ಸಲ ಎಣಿಸಿದ. ಆಮೇಲೆ ಏನೋ ಹೊಳೆದವನಂತೆ ಕೊಟ್ಟಿಗೆಯ ಕಡೆ ತಿರುಗಿದ. ಎರಡು ವರ್ಷದ ಹಿಂದೆ ರಿಪೇರಿ ಮಾಡಿಸಿದಾಗ ಥ್ರೆಡ್ ಸವೆದ ಮೂರು ಪೈಪುಗಳನ್ನು ಬದಿಗಿಟ್ಟಿದ್ದರಂತೆ. ಅವು ಕೊಟ್ಟಿಗೆಯ ಚಪ್ಪರಕ್ಕೆ ಕಂಬಗಳಾಗಿ ನಿಂತಿದ್ದವು.

ಮೋಟಾರು ಇದ್ದದ್ದು 540 ಅಡಿಯಲ್ಲಿ. ಹೊಸ ಪೈಪು ಮೂರು ಸೇರಿಸಿ ಇಳಿಸಿದ ಮೇಲೆ ಮುಳ್ಳು 14ರಲ್ಲೇ ನಿಂತಿತು. ಈ ನೀರು ಎಷ್ಟು ವರ್ಷ ಬಂದೀತೆಂದು ನಾನು ಭರವಸೆ ಕೊಡಲಾರೆ. ಆದರೆ ಇಲ್ಲದ ಅರವತ್ತು ಅಡಿಯನ್ನು ನಂಬಿ, ಸಾಲ ಮಾಡಿ, ಇನ್ನೊಂದು ತೂತು ಕೊರೆಯುವುದಂತೂ ತಪ್ಪಿತು.

ಈಚೆಗೆ ಊರೂರಿಗೆ ಮೊಬೈಲಿನಲ್ಲಿ ಬೋರ್ ತೋರಿಸುವ ಸಾಧನ ಮಾರುವವರು ಬರುತ್ತಿದ್ದಾರೆ. ನಾನು ವಿರೋಧಿಯಲ್ಲ. ನೀರಿಲ್ಲದೆ ಓಡುವ ಮೋಟಾರನ್ನು ತಾನೇ ನಿಲ್ಲಿಸುವ ಪೆಟ್ಟಿಗೆಗಳು ಬಹಳಷ್ಟು ನೋಡುವುದು ಅದೇ ಆಂಪ್ಸನ್ನು, ಆ ಕೆಲಸಕ್ಕೆ ಅವು ಒಳ್ಳೆಯವು. ಆದರೆ ಪೈಪಿಗೆ ಕಟ್ಟಿ ಇಳಿಸುವ ಒತ್ತಡದ ಸೆನ್ಸರ್ ಹೇಳುವುದು ತನ್ನ ತಲೆಯ ಮೇಲೆ ಎಷ್ಟು ನೀರಿದೆ ಎಂದಷ್ಟೇ. ತಾನು ಎಷ್ಟು ಆಳದಲ್ಲಿ ತೂಗುತ್ತಿದ್ದೇನೆ ಎಂಬುದು ಅದಕ್ಕೂ ಗೊತ್ತಿಲ್ಲ. ಅದನ್ನು ನಾವೇ ಹೇಳಿಕೊಡಬೇಕು, ಲೆಂತ್ ಎಣಿಸಿ! ನಾವು ಎಣಿಸಿದ್ದು ತಪ್ಪಿದ್ದರೆ ದುಬಾರಿ ಸಾಧನವೂ ಅರವತ್ತು ಅಡಿಯ ಸುಳ್ಳನ್ನೇ ಹೇಳುತ್ತದೆ.

ಬೋರ್ ಕೊರೆಯುವಾಗ ಅಡಿಗಿಷ್ಟು ಎಂದು ದುಡ್ಡು ಕೊಡಬೇಕು, ಹಾಗಾಗಿ ರಾಡ್ ಎಣಿಸಲು ಮನೆಯವರೊಬ್ಬರನ್ನು ಕೂರಿಸುತ್ತೇವೆ. ಮೋಟಾರು ಇಳಿಸುವ ದಿನ ಅದೇ ಮನೆಯವರು ಕಾಫಿ ಕಾಯಿಸುತ್ತಾ ಒಳಗಿರುತ್ತಾರೆ. ಎತ್ತುವವರ ಚೀಟಿಯಲ್ಲಿ ಕೂಲಿ ಇರುತ್ತದೆ, ಲೆಂತ್ ಇರುವುದಿಲ್ಲ. ಅದನ್ನು ಬರೆಸಿಕೊಳ್ಳದೆ ದುಡ್ಡು ಕೊಡಬಾರದು. ಸರ್ಕಾರವೇ ದುಡ್ಡು ಹಾಕುವ ಗಂಗಾ ಕಲ್ಯಾಣದ ಬೋರುಗಳಿಂದಲೇ ಇದನ್ನು ಶುರುಮಾಡಬಹುದು: ಬೋರಿನ ಆಳ, ಕೇಸಿಂಗ್, ಮೋಟಾರಿನ ಲೆಂತ್, ಮೊದಲ ದಿನದ ಆಂಪ್ಸ್, ಈ ನಾಲ್ಕು ಅಂಕಿಗಳ ತಗಡೊಂದು ಪ್ರತಿ ಸ್ಟಾರ್ಟರ್ ಪೆಟ್ಟಿಗೆಯ ಮೇಲಿರಲಿ. ರಿಪೇರಿಯಾದಾಗಲೆಲ್ಲ ತಿದ್ದಲಿ.

ಮೊನ್ನೆ ಊರಿಗೆ ಹೋದಾಗ ತಮ್ಮನ ಪಂಪ್‌ಮನೆ ಗೋಡೆಯಲ್ಲಿ ಕೆಂಪು ಪೇಂಟಿನ ಬರಹ ಕಂಡಿತು. ಬೋರು 720, ಲೆಂತ್ 30, ಆಂಪ್ಸ್ 14. ಅದರ ಕೆಳಗೆ, ಹೈಸ್ಕೂಲಿನಲ್ಲಿರುವ ಅವನ ಮಗಳ ಗುಂಡು ಅಕ್ಷರದಲ್ಲಿ, ಇನ್ನೊಂದು ಸಾಲು: ಕೊಟ್ಟಿಗೆಯಲ್ಲಿ 3.