ಕಹಿಗೆ ಗಡಿ ಎಲ್ಲಿದೆ?

ಶಿಕ್ಷಕ ಮಿತ್ರರೇ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲೇ ಆಗಲಿ, ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಹಂಚಿದ ನಾಲಿಗೆಯ ಚಿತ್ರ ನಿಮ್ಮ ಶಾಲೆಯ ಗೋಡೆಯಲ್ಲಿದ್ದರೆ ದಯವಿಟ್ಟು ಅಳಿಸಿ. 1901ರಲ್ಲಿ ಜರ್ಮನಿಯ ಹೇನಿಗ್ ಕಂಡದ್ದು ತೀರ ಅಲ್ಪ ವ್ಯತ್ಯಾಸ. ನಂತರದವರು ಅದನ್ನೇ ಗಡಿ ಮಾಡಿದರು. ಸಸ್ಯಗಳ ವಿಷಗಳಲ್ಲಿ ಅನೇಕವು ಕಹಿ. ಕಹಿ ಪತ್ತೆಹಚ್ಚಲು ನಮ್ಮಲ್ಲಿ ಸುಮಾರು 25 ಬಗೆಯ ಗ್ರಾಹಕ ಪ್ರೋಟೀನುಗಳಿವೆ. ಅವನ್ನು ಹೊತ್ತ ಕೋಶಗಳು ತುದಿ, ಅಂಚು, ಬುಡ ಮೂರೂ ಕಡೆಯ ರುಚಿಮೊಗ್ಗುಗಳಲ್ಲಿವೆ.

ಹಾಗಲಕಾಯಿ ರಸದಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಮಗುವಿನ ನಾಲಿಗೆಯ ತುದಿಗೆ ಮುಟ್ಟಿಸಿ. ನಾಲಿಗೆ ಒಳಗೆಳೆದುಕೊಳ್ಳುವ ಮೊದಲೇ ಕಹಿಯೆನಿಸಿದರೆ ಕೈ ಎತ್ತಲಿ. "ತುದಿಯಲ್ಲೇ ಕಹಿ, ಸಾರ್" ಎನ್ನುವ ಮಗುವಿಗೆ ಚಿತ್ರ ತೋರಿಸಿ ತಪ್ಪೆನ್ನುವುದು ಯಾವ ವಿಜ್ಞಾನ? ಕೆಲವರಿಗೆ ಕಹಿ ಕಡಿಮೆ ಎನಿಸೀತು, ಅದಕ್ಕೆ ವಂಶವಾಹಿಯೂ ಕಾರಣ. ಕಡ್ಡಿ ಮಾತ್ರ ಮಗುವಿಗೊಂದು ಹೊಸದಿರಲಿ.